ದಕ್ಷಿಣ ಮಹಾಸಾಗರದ ಮತ್ಸ್ಯಸಂಪತ್ತು ಮತ್ತು ಅದರ ಪರಿಪಾಲನೆ

ಪ್ರಾಚೀನ ಭಾರತದ ಜ್ಯೋತಿಷ ಸಿದ್ಧಾಂತಕಾರರು ಭೂಗೋಳದ ಉತ್ತರ ತುದಿಯನ್ನು ಮೇರುವೆಂದೂ ದಕ್ಷಿಣ ತುದಿಯನ್ನು ಬಡಬಾಮುಖವೆಂದೂ ಕರೆದರು. ಮೇರುವು ನೆಲದ ನಡುವೆ ಇದೆ, ಬಡಬಾಮುಖವು ನೀರಿನ ನಡುವೆ ಇದೆ ಎಂಬುದು ಆರ್ಯಭಟನ ಮತ. ವಾಸ್ತವ ಸ್ಥಿತಿಯು ಇದಕ್ಕೆ ತಿರುವುಮುರುವಾಗಿದೆ. ಉತ್ತರಧ್ರುವದಲ್ಲಿರುವುದು ಹೆಪ್ಪುಗಟ್ಟಿದ ಸಮುದ್ರ. ದಕ್ಷಿಣಧ್ರುವದಲ್ಲಿರುವುದು ಸುಮಾರು ಎರಡು ಕಿಲೋಮೀಟರ್ ದಪ್ಪದ ಹಿಮವನ್ನು ಹೊತ್ತು ಕುಳಿತಿರುವ ಅಂಟಾರ್ಕ್ಟಿಕವೆಂಬ ಮಹಾಖಂಡ. ಆದರೂ ಆ ಖಂಡವನ್ನು ಎಲ್ಲ ದಿಕ್ಕುಗಳಿಂದಲೂ ಒಂದು ಮಹಾಸಾಗರವು ಬಳಸಿಕೊಂಡಿರುವುದರಿಂದ, ಹಿರಿಯರ ಮಾತು ಪೂರ್ಣವಾಗಿ ತಪ್ಪೆಂದು ತಳ್ಳಿಹಾಕುವಂತೆಯೂ ಇಲ್ಲ.

ಈ ಸಾಗರಕ್ಕೆ ದಕ್ಷಿಣ ಮಹಾಸಾಗರವೆಂದು ಹೆಸರು. ಬೇರೆ ಸಾಗರಗಳಿಗೆ ಖಂಡಗಳು ಎಲ್ಲೆಯಾಗಿದ್ದರೆ ಇದಕ್ಕೆ ನೀರೇ ಎಲ್ಲೆ. ಯಾವ ನೆಲದ ತಡೆಯೂ ಇಲ್ಲದೆ ಪಶ್ಚಿಮದಿಂದ ಪೂರ್ವಕ್ಕೆ ಭೂಮಂಡಲವನ್ನೇ ಪ್ರದಕ್ಷಿಣೆ ಬರುವ ಮಹಾಪ್ರವಾಹವೊಂದು ಇಲ್ಲಿ ಹರಿಯುತ್ತದೆ. ದಕ್ಷಿಣದ ಶೀತಜಲವು ಉತ್ತರದ ಬೆಚ್ಚನೆಯ ನೀರನ್ನು ಸಂಧಿಸಿ ಅದರ ಕೆಳಗೆ ಮುಳುಗುವ ಒಂದು ರೇಖೆಯೂ ಇದೆ. ಅಲ್ಪ ದೂರದೊಳಗೇ ನೀರಿನ ಉಷ್ಣತೆಯು ಎರಡು ಮೂರು ಅಂಶಗಳಷ್ಟು ಇಳಿದುಬಿಡುತ್ತದೆ. ಈ ಸಂಗಮರೇಖೆಯಿಂದ ದಕ್ಷಿಣಕ್ಕೆ ಇರುವ ಜೀವಲೋಕವೇ ಬೇರೆ. ಸಮುದ್ರದ ನೀರು ಸೊನ್ನೆಗಿಂತ ೧.೮ ಅಂಶ ಕೆಳಗಿಳಿದರೂ ಅಲ್ಲಿಯ ಮೀನುಗಳ ರಕ್ತ ಹೆಪ್ಪುಗಟ್ಟದು. ಹಿಮದ ಹರಳುಗಳು ಬೆಳೆಯದಂತೆ ತಡೆಯುವ ಪ್ರೋಟೀನುಗಳು ಅವುಗಳ ರಕ್ತದಲ್ಲಿ ಇವೆ. ಹಿಮಮತ್ಸ್ಯವೆಂಬ ಒಂದು ಕುಲದಲ್ಲಂತೂ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನೇ ಇಲ್ಲ. ಶೀತಜಲದಲ್ಲಿ ಆಮ್ಲಜನಕವು ಹೇರಳವಾಗಿ ಕರಗಿರುವುದರಿಂದ ಅವು ಬಿಳಿಯ ರಕ್ತದಿಂದಲೇ ಬಾಳುತ್ತವೆ.

ಇಂತಹ ದೂರದ, ದುರ್ಗಮವಾದ, ಯಾವ ರಾಷ್ಟ್ರದ ಪೂರ್ಣಾಧಿಕಾರಕ್ಕೂ ಒಳಪಡದ ಕಡಲಿನಲ್ಲಿ ಮೀನು ಹಿಡಿಯುವವರನ್ನು ಹದ್ದಿನಲ್ಲಿಡುವುದು ಹೇಗೆ? ಈ ಪ್ರಶ್ನೆಗೆ ೧೯೮೦ರಲ್ಲಿ ಕೆಲವು ರಾಷ್ಟ್ರಗಳು ಕೂಡಿ ಒಂದು ಉತ್ತರವನ್ನು ಕಂಡುಕೊಂಡವು. ‘ಎಷ್ಟು ಮೀನು ಹಿಡಿಯಬಹುದು’ ಎಂಬುದರ ಜೊತೆಗೆ ‘ಆ ಮೀನನ್ನು ನಂಬಿ ಬದುಕುವ ಇತರರು ಯಾರು’ ಎಂದು ಕೂಡ ಕೇಳಿದ್ದೇ ಆ ಉತ್ತರದ ವೈಶಿಷ್ಟ್ಯ. ಅದನ್ನು ತಿಳಿಯಬೇಕಾದರೆ ಮೊದಲು ಕ್ರಿಲ್ ಎಂಬ ಕ್ಷುದ್ರಜೀವಿಯ ಪರಿಚಯವಾಗಬೇಕು.

ಕ್ರಿಲ್ ಎಂಬುದು ನಾರ್ವೆ ದೇಶದ ಭಾಷೆಯ ಶಬ್ದ. ಕನ್ನಡದಲ್ಲಿ ಇದಕ್ಕೆ ಸಮನಾದ ಪದವಿಲ್ಲ. ರೂಪದಲ್ಲಿ ಸೀಗಡಿಯನ್ನು ಹೋಲುತ್ತದೆ, ಆದರೆ ಸೀಗಡಿಯ ಕುಲಕ್ಕೆ ಸೇರಿದ್ದಲ್ಲ. ಉದ್ದ ಹೆಚ್ಚೆಂದರೆ ೬ ಸೆಂಟಿಮೀಟರ್; ತೂಕ ಒಂದೆರಡು ಗ್ರಾಂ. ಕಿರುಬೆರಳಿನಷ್ಟಿರುವ ಈ ಪ್ರಾಣಿಯು ಐದಾರು ವರ್ಷಗಳ ಕಾಲ ಬದುಕುತ್ತದೆ ಎಂಬುದೇ ಒಂದು ಸೋಜಿಗ. ಬೇಸಿಗೆಯಲ್ಲಿ ನೀರಿನಲ್ಲಿ ತೇಲುವ ಸೂಕ್ಷ್ಮಸಸ್ಯಗಳನ್ನು ಸೋಸಿ ತಿನ್ನುತ್ತದೆ. ಚಳಿಗಾಲದಲ್ಲಿ ಕಡಲಿನ ಮೇಲೆ ಹಿಮದ ಹಾಸು ಕಟ್ಟಿದಾಗ ಅದರ ಅಡಿಯಲ್ಲಿ ಬೆಳೆಯುವ ಪಾಚಿಯನ್ನು ಕೆರೆದು ತಿನ್ನುತ್ತದೆ. ಇದರ ಮರಿಗಳಿಗೆ ಆ ಹಿಮದ ಹಾಸೇ ಅನ್ನದ ಬಟ್ಟಲು, ಅದೇ ಆಶ್ರಯ. ಕೋಟ್ಯನುಕೋಟಿ ಸಂಖ್ಯೆಯಲ್ಲಿ ಒಟ್ಟುಗೂಡಿ ಚಲಿಸುವುದು ಇದರ ಸ್ವಭಾವ. ಇಡೀ ದಕ್ಷಿಣ ಮಹಾಸಾಗರದಲ್ಲಿರುವ ಕ್ರಿಲ್‌ಗಳ ಒಟ್ಟು ತೂಕವು ಹಲವು ಹತ್ತು ಕೋಟಿ ಟನ್ನುಗಳಷ್ಟಿದೆ ಎಂದು ತಜ್ಞರ ಅಂದಾಜು.

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದಕ್ಕೆ ಶಾಸ್ತ್ರಗಳಲ್ಲಿ ಮತ್ಸ್ಯನ್ಯಾಯವೆಂದು ಹೆಸರು. ಸಾಮಾನ್ಯವಾಗಿ ಕಡಲಿನಲ್ಲಿ ಈ ನುಂಗುವಿಕೆಯು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ದಕ್ಷಿಣ ಮಹಾಸಾಗರದಲ್ಲಿ ಆ ಮೆಟ್ಟಿಲುಗಳು ಬಹಳ ಕಡಿಮೆ. ಸೂಕ್ಷ್ಮಸಸ್ಯವನ್ನು ಕ್ರಿಲ್ ತಿನ್ನುತ್ತದೆ. ಕ್ರಿಲ್ಲನ್ನು ಭೂಮಿಯ ಮೇಲಿನ ಅತ್ಯಂತ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲವು ನೇರವಾಗಿ, ದಿನಕ್ಕೆ ಹಲವು ಟನ್ನುಗಳಂತೆ ತಿನ್ನುತ್ತದೆ. ಅಡೆಲಿ, ಚಿನ್‌ಸ್ಟ್ರಾಪ್, ಜೆಂಟೂ, ಮೆಕರೋನಿ ಮೊದಲಾದ ಪೆಂಗ್ವಿನ್‌ಗಳಿಗೂ, ತುಪ್ಪಳದ ಸೀಲ್‌ಗಳಿಗೂ, ಕಡಲಹಕ್ಕಿಗಳಿಗೂ, ಮೀನುಗಳಿಗೂ ಇದೇ ಆಹಾರ. ‘ಏಡಿಭಕ್ಷಕ ಸೀಲ್’ ಎಂದು ಹೆಸರು ಪಡೆದ ಪ್ರಾಣಿಯೊಂದು ಅಲ್ಲಿದೆ. ಅದು ಏಡಿಯನ್ನು ತಿನ್ನುವುದಿಲ್ಲ; ಜರಡಿಯಂತೆ ಸೀಳಿಕೊಂಡಿರುವ ಅದರ ಹಲ್ಲುಗಳು ಕ್ರಿಲ್ಲನ್ನು ಸೋಸುವುದಕ್ಕೆಂದೇ ರೂಪುಗೊಂಡಿವೆ. ಹೆಸರಿಟ್ಟವರು ಹಲ್ಲನ್ನು ನೋಡದೆ ಹೆಸರಿಟ್ಟಂತೆ ತೋರುತ್ತದೆ.

ಇನ್ನು ಮನುಷ್ಯನು ಈ ಕಡಲಿಗೆ ಬಂದ ಬಗೆ. ೧೭೭೫ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ಕನು ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಇಳಿದು, ಅಲ್ಲಿ ಸೀಲ್‌ಗಳು ಗುಂಪುಗುಂಪಾಗಿವೆಯೆಂದು ಬರೆದದ್ದೇ ತಡ, ತುಪ್ಪಳದ ವರ್ತಕರು ನುಗ್ಗಿದರು. ಐವತ್ತು ವರ್ಷಗಳು ತುಂಬುವುದರೊಳಗೆ ಆ ದ್ವೀಪಗಳ ತುಪ್ಪಳದ ಸೀಲ್ ನಿರ್ನಾಮದ ಅಂಚಿಗೆ ಬಂದಿತು. ಸೀಲ್ ಮುಗಿದ ಮೇಲೆ ತಿಮಿಂಗಿಲ. ೧೯೦೪ರಲ್ಲಿ ನಾರ್ವೆಯ ಕಾರ್ಲ್ ಆಂಟನ್ ಲಾರ್ಸೆನ್ ಎಂಬಾತನು ಅದೇ ದ್ವೀಪದ ಗ್ರಿಟ್ವಿಕೆನ್ ಎಂಬಲ್ಲಿ ತಿಮಿಂಗಿಲದ ಕೊಬ್ಬು ಕಾಯಿಸುವ ಕಾರಖಾನೆಯನ್ನು ಹೂಡಿದನು. ಮುಂದೆ ಹಡಗುಗಳೇ ಕಾರಖಾನೆಗಳಾದವು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಗೋಲಾರ್ಧವೊಂದರಲ್ಲೇ ೨೦ ಲಕ್ಷಕ್ಕೂ ಮಿಕ್ಕಿ ತಿಮಿಂಗಿಲಗಳು ಹತವಾದವು. ಒಂದು ಕಾಲಕ್ಕೆ ಎರಡು ಲಕ್ಷಕ್ಕೂ ಹೆಚ್ಚಿದ್ದ ಅಂಟಾರ್ಕ್ಟಿಕದ ನೀಲಿ ತಿಮಿಂಗಿಲವು ೧೯೭೦ರ ದಶಕದ ಆರಂಭಕ್ಕೆ ಕೆಲವೇ ನೂರಕ್ಕೆ ಇಳಿದಿತ್ತು. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆಯಾಡುವುದನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ತೀರ್ಮಾನಿಸಿದ್ದು ೧೯೮೨ರಲ್ಲಿ, ಎಂದರೆ ತಿಮಿಂಗಿಲಗಳು ಬಹುಮಟ್ಟಿಗೆ ಮುಗಿದ ಮೇಲೆ.

ತಿಮಿಂಗಿಲದ ತರುವಾಯ ಮೀನಿನ ಸರದಿ. ೧೯೬೯-೭೦ರ ಒಂದೇ ಋತುವಿನಲ್ಲಿ ಸೋವಿಯೆತ್ ಒಕ್ಕೂಟದ ಹಡಗುಗಳು ದಕ್ಷಿಣ ಜಾರ್ಜಿಯಾದ ಸುತ್ತ ಚುಕ್ಕೆಕಾಡ್ ಎನ್ನಬಹುದಾದ ಒಂದು ಜಾತಿಯ ಮೀನನ್ನು ಸುಮಾರು ೪ ಲಕ್ಷ ಟನ್ ಹಿಡಿದವು. ಮರುವರ್ಷ ದೊರೆತದ್ದು ಅದರ ಕಾಲುಭಾಗ ಮಾತ್ರ. ಎರಡೇ ವರ್ಷಗಳಲ್ಲಿ ಖಜಾನೆ ಬರಿದಾಯಿತು. ಶೀತಜಲದ ಮೀನು ಮೆಲ್ಲನೆ ಬೆಳೆಯತಕ್ಕದ್ದು, ತಡವಾಗಿ ಮರಿಮಾಡತಕ್ಕದ್ದು. ೧೯೮೫ರಲ್ಲಿ ಅದನ್ನು ಹಿಡಿಯುವುದನ್ನೇ ನಿಷೇಧಿಸಿದರೂ ದಶಕಗಳ ಕಾಲ ಅದು ಚೇತರಿಸಿಕೊಳ್ಳಲಿಲ್ಲ. ಎರಡು ಬೇಸಿಗೆಗಳಲ್ಲಿ ತೆಗೆದುದನ್ನು ಪ್ರಕೃತಿಯು ತುಂಬಿಕೊಡಲು ಒಂದು ತಲೆಮಾರು ಸಾಲದಾಯಿತು.

ಇದೇ ಹೊತ್ತಿಗೆ ಜಗತ್ತಿನ ದೃಷ್ಟಿ ಕ್ರಿಲ್ಲಿನ ಮೇಲೆ ಬಿದ್ದಿತ್ತು. ತಿಮಿಂಗಿಲಗಳು ಅಳಿದದ್ದರಿಂದ ಅವು ತಿನ್ನುತ್ತಿದ್ದ ಕ್ರಿಲ್ಲು ಮಿಗುತಾಯವಾಗಿ ಉಳಿದಿರಬೇಕು, ಅದನ್ನು ಹಿಡಿದರೆ ಹಸಿದ ಜಗತ್ತಿಗೆ ಪೌಷ್ಟಿಕ ಆಹಾರ ದೊರೆತೀತು ಎಂಬ ತರ್ಕವು ೧೯೭೦ರ ದಶಕದಲ್ಲಿ ಪ್ರಬಲವಾಗಿತ್ತು. ಸೋವಿಯೆತ್ ಒಕ್ಕೂಟ ಮತ್ತು ಜಪಾನುಗಳು ಮುಂದಾದವು. ೧೯೮೧-೮೨ರ ಋತುವಿನಲ್ಲಿ ಹಿಡಿದ ಕ್ರಿಲ್ಲು ೫ ಲಕ್ಷ ೨೮ ಸಾವಿರ ಟನ್. ಆದರೆ ಹಿಡಿದದ್ದನ್ನು ಉಣ್ಣುವುದು ಎಣಿಸಿದಷ್ಟು ಸುಲಭವಾಗಲಿಲ್ಲ. ಕ್ರಿಲ್ಲಿನ ಹೊಟ್ಟೆಯ ಜೀರ್ಣರಸಗಳು ಬಲು ತೀಕ್ಷ್ಣ. ಸತ್ತ ಕೆಲವೇ ಗಂಟೆಗಳಲ್ಲಿ ಮೈಯೆಲ್ಲ ಕರಗತೊಡಗುತ್ತದೆ. ಚಿಪ್ಪಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಹೀಗಾಗಿ ಹಸಿದವರ ತಟ್ಟೆಗೆ ಅದು ಬರಲೇ ಇಲ್ಲ. ೧೯೯೧ರಲ್ಲಿ ಸೋವಿಯೆತ್ ಒಕ್ಕೂಟವು ಒಡೆದುಹೋದ ಮೇಲೆ ಹಿಡಿತವೂ ಕುಸಿಯಿತು. ಈಗ ಅದು ಮತ್ತೆ ಏರಿರುವುದಕ್ಕೆ ಕಾರಣ ಬೇರೆ. ಬಲೆಯಿಂದಲೇ ಹಡಗಿಗೆ ಜೀವಂತ ಕ್ರಿಲ್ಲನ್ನು ಎಡೆಬಿಡದೆ ಹೀರಿಕೊಳ್ಳುವ ಯಂತ್ರಗಳನ್ನು ನಾರ್ವೆಯವರು ರೂಢಿಗೆ ತಂದರು. ಹಾಗೆ ತೆಗೆದದ್ದು ಬಹುಪಾಲು ಸಾಕಣೆಯ ಮೀನಿಗೆ ಮೇವಿನ ಹಿಟ್ಟಾಗುತ್ತದೆ. ಒಂದಂಶವು ಆರೋಗ್ಯದ ಎಣ್ಣೆಯ ಗುಳಿಗೆಯಾಗಿ ಸಿರಿವಂತ ದೇಶಗಳ ಅಂಗಡಿ ಸೇರುತ್ತದೆ. ಹಸಿದ ಜಗತ್ತಿನ ಹೆಸರಿನಲ್ಲಿ ಆರಂಭವಾದ ಉದ್ಯಮವು ತಲುಪಿದ ನೆಲೆ ಇದು.

ಮಿಗುತಾಯದ ತರ್ಕವೂ ಪರೀಕ್ಷೆಗೆ ನಿಲ್ಲಲಿಲ್ಲ. ತಿಮಿಂಗಿಲ ಹೋದರೆ ಕ್ರಿಲ್ಲು ಹೆಚ್ಚಬೇಕಿತ್ತು. ಹೆಚ್ಚಿದ್ದಕ್ಕೆ ಸ್ಪಷ್ಟ ಸಾಕ್ಷ್ಯ ದೊರೆಯಲಿಲ್ಲ. ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆಯು ವಿಚಾರಾರ್ಹವಾಗಿದೆ. ಈ ಸಾಗರದಲ್ಲಿ ಇತರ ಪೋಷಕಾಂಶಗಳು ಹೇರಳವಾಗಿದ್ದರೂ ಕಬ್ಬಿಣದ ಅಂಶಕ್ಕೆ ಬರ. ಅದಿಲ್ಲದೆ ಸೂಕ್ಷ್ಮಸಸ್ಯ ಬೆಳೆಯದು. ಕ್ರಿಲ್ಲನ್ನು ತಿಂದ ತಿಮಿಂಗಿಲವು ಮೇಲ್ಪದರದ ನೀರಿನಲ್ಲಿ ಮಲವನ್ನು ವಿಸರ್ಜಿಸಿದಾಗ ಕ್ರಿಲ್ಲಿನ ಮೈಯಲ್ಲಿದ್ದ ಕಬ್ಬಿಣವು ಮತ್ತೆ ನೀರಿಗೆ ಸೇರುತ್ತದೆ, ಸಸ್ಯ ಬೆಳೆಯುತ್ತದೆ, ಕ್ರಿಲ್ಲು ಬೆಳೆಯುತ್ತದೆ. ಉಣ್ಣುವವನೇ ಹೊಲಕ್ಕೆ ಗೊಬ್ಬರ ಹಾಕುವವನೂ ಆಗಿದ್ದನು. ಅವನನ್ನು ಕೊಂದವರು ಹೊಲದ ಸಾರವನ್ನೂ ಕುಗ್ಗಿಸಿದರು. ಮನುಷ್ಯನು ಬಲೆಯಲ್ಲಿ ಹೊತ್ತೊಯ್ಯುವ ಕ್ರಿಲ್ಲಾದರೋ ಮರಳಿ ಅಲ್ಲಿಗೆ ಬರುವುದಿಲ್ಲ.

ಹೀಗಿರುವಲ್ಲಿ ೧೯೫೯ರ ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಿದ್ದ ರಾಷ್ಟ್ರಗಳು ಎಚ್ಚೆತ್ತು, ಕ್ರಿಲ್ಲಿಗೂ ಸೀಲ್, ತಿಮಿಂಗಿಲಗಳ ಗತಿಯೇ ಬರುವ ಮೊದಲು ಕಟ್ಟಳೆಯೊಂದನ್ನು ಮಾಡಲು ಮುಂದಾದವು. ೧೯೮೦ರ ಮೇ ೨೦ರಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಅಂಟಾರ್ಕ್ಟಿಕ ಸಾಗರಜೀವಿ ಸಂಪನ್ಮೂಲ ಸಂರಕ್ಷಣಾ ಒಡಂಬಡಿಕೆಗೆ ಸಹಿಯಾಯಿತು. ೧೯೮೨ರ ಏಪ್ರಿಲ್ ೭ರಂದು ಅದು ಜಾರಿಗೆ ಬಂದಿತು. ಅದನ್ನು ನಡೆಸುವ ಆಯೋಗದ ಕಚೇರಿಯು ಟಾಸ್ಮೇನಿಯಾದ ಹೋಬಾರ್ಟ್ ನಗರದಲ್ಲಿದೆ. ಐರೋಪ್ಯ ಒಕ್ಕೂಟವೂ ಸೇರಿದಂತೆ ಇದರ ಸದಸ್ಯರು ೨೭. ಭಾರತವು ೧೯೮೬ರಿಂದ ಇದರ ಸದಸ್ಯ ರಾಷ್ಟ್ರವಾಗಿದೆ.

ಈ ಒಡಂಬಡಿಕೆಯ ಎಲ್ಲೆಯೇ ಅದರ ಮನೋಧರ್ಮವನ್ನು ಹೇಳುತ್ತದೆ. ಅಂಟಾರ್ಕ್ಟಿಕ ಒಪ್ಪಂದವು ದಕ್ಷಿಣ ಅಕ್ಷಾಂಶ ೬೦ರಲ್ಲಿ ಗೆರೆ ಎಳೆದಿತ್ತು. ಅದು ನಕ್ಷೆಯ ಗೆರೆ; ಮೀನಿಗೆ ಅದು ಕಾಣದು. ಸಾಗರದ ಒಡಂಬಡಿಕೆಯನ್ನು ರಚಿಸಿದವರು ಆ ಗೆರೆಯನ್ನು ಬಿಟ್ಟು, ಶೀತಜಲವೂ ಉಷ್ಣಜಲವೂ ಸಂಧಿಸುವ ಸಂಗಮರೇಖೆಯನ್ನೇ ಹೆಚ್ಚು ಕಡಿಮೆ ಎಲ್ಲೆಯಾಗಿ ಅಂಗೀಕರಿಸಿದರು. ಹಿಂದೂ ಮಹಾಸಾಗರದ ಕಡೆಯಲ್ಲಿ ಅದು ೪೫ನೆಯ ಅಕ್ಷಾಂಶದವರೆಗೆ ಬರುತ್ತದೆ. ಒಟ್ಟು ವಿಸ್ತೀರ್ಣ ಸುಮಾರು ೩ ಕೋಟಿ ೫೭ ಲಕ್ಷ ಚದರ ಕಿಲೋಮೀಟರ್, ಎಂದರೆ ಭೂಮಿಯ ಸಾಗರಗಳ ಹತ್ತನೆಯ ಒಂದು ಭಾಗ.

ಒಡಂಬಡಿಕೆಯ ಎರಡನೆಯ ವಿಧಿಯಲ್ಲಿ ಮೂರು ಸೂತ್ರಗಳಿವೆ. ಹಿಡಿಯಲ್ಪಡುವ ಯಾವ ಜಾತಿಯೂ ತನ್ನ ಸಂತತಿಯನ್ನು ಸ್ಥಿರವಾಗಿ ಮುಂದುವರಿಸಲಾರದ ಮಟ್ಟಕ್ಕೆ ಇಳಿಯಬಾರದು ಎಂಬುದು ಮೊದಲನೆಯದು. ಹಿಡಿಯುವ ಜಾತಿ, ಅದನ್ನು ಅವಲಂಬಿಸಿದ ಜಾತಿ, ಅದರೊಡನೆ ಸಂಬಂಧವುಳ್ಳ ಜಾತಿ, ಇವುಗಳ ಪರಸ್ಪರ ಸಂಬಂಧವು ಕೆಡಬಾರದು ಎಂಬುದು ಎರಡನೆಯದು. ಎರಡು ಮೂರು ದಶಕಗಳೊಳಗೆ ಸರಿಪಡಿಸಲಾಗದಂತಹ ಬದಲಾವಣೆಗೆ ಎಡೆಗೊಡಬಾರದು ಎಂಬುದು ಮೂರನೆಯದು. ಮೊದಲನೆಯದನ್ನು ಜಗತ್ತಿನ ಬಹುತೇಕ ಮೀನುಗಾರಿಕೆ ಶಾಸನಗಳು ಬಾಯಿಮಾತಿಗಾದರೂ ಒಪ್ಪುತ್ತವೆ. ಎರಡನೆಯದನ್ನು ಅಂದಿನ ಕಾಲಕ್ಕೆ ಶಾಸನದೊಳಗೆ ತಂದದ್ದು ನಿಜಕ್ಕೂ ದೊಡ್ಡ ಹೆಜ್ಜೆ.

ಅದೇ ವಿಧಿಯಲ್ಲಿ ಇನ್ನೊಂದು ಮಾತಿದೆ: ‘ಸಂರಕ್ಷಣೆ’ ಎಂಬ ಪದದಲ್ಲಿ ‘ವಿವೇಕಯುತ ಬಳಕೆ’ಯೂ ಅಡಕವಾಗಿದೆ ಎಂದು. ವ್ಯಾಖ್ಯಾನಕಾರರ ಕಲಹಕ್ಕೆ ಇದಕ್ಕಿಂತ ಫಲವತ್ತಾದ ವಾಕ್ಯ ಬೇಕಿಲ್ಲ. ಬಳಕೆಯೇ ಹಕ್ಕು, ಅದನ್ನು ತಡೆಯುವವರು ಕಾರಣ ತೋರಿಸಬೇಕು ಎಂದು ಕೆಲವು ರಾಷ್ಟ್ರಗಳು ಅರ್ಥ ಮಾಡುತ್ತವೆ. ಸಂರಕ್ಷಣೆಯೇ ಪ್ರಧಾನ, ಮೂರು ಸೂತ್ರಗಳಿಗೆ ಒಳಪಟ್ಟ ಬಳಕೆಯೇ ವಿವೇಕಯುತವಾದದ್ದು ಎಂದು ಉಳಿದವು ಹೇಳುತ್ತವೆ. ವಾಕ್ಯದ ಅನ್ವಯವನ್ನು ನೋಡಿದರೆ ಎರಡನೆಯ ಪಕ್ಷವೇ ಸಾಧುವೆನಿಸುತ್ತದೆ. ಬಳಕೆಯು ಅಲ್ಲಿ ಸಂರಕ್ಷಣೆಯ ಒಳಗಿನ ಅಂಗವೇ ಹೊರತು ಅದರ ಎದುರಾಳಿಯಲ್ಲ.

ಸೂತ್ರವನ್ನು ಲೆಕ್ಕಕ್ಕೆ ಇಳಿಸಿದ ಬಗೆಯು ಇನ್ನೂ ಸ್ವಾರಸ್ಯವಾಗಿದೆ. ಒಂದು ಮೀನನ್ನು ಬಿಡಿಯಾಗಿ ಪರಿಗಣಿಸಿದರೆ, ಹಿಡಿಯುವುದಕ್ಕೆ ಮೊದಲು ಇದ್ದ ಪ್ರಮಾಣದ ಅರ್ಧದಷ್ಟು, ಎಂದರೆ ಶೇಕಡ ೫೦ ಉಳಿದರೆ ಸಾಕೆಂದು ರೂಢಿಯ ಲೆಕ್ಕ. ಆದರೆ ಅದನ್ನೇ ಉಂಡು ಬದುಕುವ ಪೆಂಗ್ವಿನ್, ಸೀಲ್‌ಗಳ ದೃಷ್ಟಿಯಿಂದ ನೋಡಿದರೆ ಶೇಕಡ ನೂರೂ ಉಳಿಯಬೇಕು. ಆಯೋಗವು ಇವೆರಡರ ನಡುವಣ ಬಿಂದುವನ್ನು ಹಿಡಿಯಿತು. ಇಪ್ಪತ್ತು ವರ್ಷಗಳ ಮೀನುಗಾರಿಕೆಯ ನಂತರವೂ ಮರಿಮಾಡುವ ಕ್ರಿಲ್ಲಿನ ಮೊತ್ತವು ಮೊದಲಿದ್ದುದರ ಶೇಕಡ ೭೫ರಷ್ಟು ಇರಬೇಕು; ಆ ಇಪ್ಪತ್ತು ವರ್ಷಗಳಲ್ಲಿ ಎಂದಾದರೂ ಅದು ಶೇಕಡ ೨೦ಕ್ಕಿಂತ ಕೆಳಗಿಳಿಯುವ ಸಂಭವವು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿರಬಾರದು. ಇವೆರಡರಲ್ಲಿ ಯಾವುದು ಕಡಿಮೆ ಹಿಡಿತವನ್ನು ಕೊಡುವುದೋ ಅದನ್ನೇ ಮಿತಿಯಾಗಿ ಇಟ್ಟುಕೊಳ್ಳಬೇಕು. ಇದರಲ್ಲಿ ಪ್ರಕೃತಿಯೇ ಬರೆದ ನಿಯಮವೇನೂ ಇಲ್ಲ, ಎರಡು ಪಕ್ಷಗಳ ನಡುವಣ ಪಂಚಾಯಿತಿಯ ತೀರ್ಪಷ್ಟೆ. ಆದರೂ ಮಾತನಾಡಲಾರದ ಪಕ್ಷವೊಂದಕ್ಕೆ ಪಂಚಾಯಿತಿಯಲ್ಲಿ ಪಾಲು ದೊರೆತದ್ದು ಗಮನಾರ್ಹ.

ಲೆಕ್ಕ ಹಾಕಲು ಎಣಿಕೆ ಬೇಕಷ್ಟೆ. ಕಡಲಿನಲ್ಲಿರುವುದನ್ನು ಎಣಿಸುವುದು ಹಡಗಿನಿಂದ ಶಬ್ದದ ಅಲೆಗಳನ್ನು ಕೆಳಕ್ಕೆ ಕಳಿಸಿ, ಕ್ರಿಲ್ಲಿನ ಹಿಂಡುಗಳಿಂದ ಮರಳುವ ಪ್ರತಿಧ್ವನಿಯನ್ನು ಅಳೆಯುವ ಮೂಲಕ. ೨೦೦೦ದಲ್ಲಿ ಜಪಾನ್, ರಷ್ಯಾ, ಬ್ರಿಟನ್, ಅಮೆರಿಕಗಳ ಹಡಗುಗಳು ಕೂಡಿ ನೈಋತ್ಯ ಅಟ್ಲಾಂಟಿಕದ ಭಾಗವನ್ನು ಹೀಗೆ ಅಳೆದವು. ೨೦೧೯ರಲ್ಲಿ ಮತ್ತೊಮ್ಮೆ ಅಳತೆಯಾಯಿತು. ಎರಡನೆಯ ಅಳತೆಯಲ್ಲಿ ದೊರೆತದ್ದು ಸುಮಾರು ೬ ಕೋಟಿ ೨೬ ಲಕ್ಷ ಟನ್. ಮೊದಲ ಅಳತೆಯ ಆಧಾರದ ಮೇಲೆ ಈ ಭಾಗಕ್ಕೆ ಆಯೋಗವು ಗೊತ್ತುಪಡಿಸಿದ ಗರಿಷ್ಠ ಮಿತಿಯು ವರ್ಷಕ್ಕೆ ೫೬ ಲಕ್ಷ ೧೦ ಸಾವಿರ ಟನ್. ಆದರೆ ಅಷ್ಟನ್ನೂ ಹಿಡಿಯಲು ಅದು ಬಿಡಲಿಲ್ಲ. ಕ್ರಿಲ್ಲನ್ನು ಸಣ್ಣ ಸಣ್ಣ ಪ್ರದೇಶಗಳಿಗೆ ಹಂಚುವ ಕ್ರಮ ಸಿದ್ಧವಾಗುವವರೆಗೆ ೬ ಲಕ್ಷ ೨೦ ಸಾವಿರ ಟನ್ನಿಗೆ ಒಂದು ತಡೆಗೆರೆಯನ್ನು ಎಳೆಯಿತು. ಅದು ಒಟ್ಟು ಕ್ರಿಲ್ಲಿನ ಶೇಕಡ ಒಂದರಷ್ಟು ಮಾತ್ರ.

ಶೇಕಡ ಒಂದೆಂದರೆ ಅತ್ಯಲ್ಪವಲ್ಲವೆ, ಇಷ್ಟಕ್ಕೆ ಇಷ್ಟೊಂದು ಚಿಂತೆ ಏಕೆ ಎಂದು ವಾಚಕರು ಕೇಳಬಹುದು. ಮೀನುಗಾರಿಕೆಯ ಪಕ್ಷದವರು ಕೇಳುವುದೂ ಇದನ್ನೇ. ಉತ್ತರವು ‘ಎಷ್ಟು’ ಎಂಬುದರಲ್ಲಿಲ್ಲ. ‘ಎಲ್ಲಿ’ ಮತ್ತು ‘ಯಾವಾಗ’ ಎಂಬುದರಲ್ಲಿದೆ. ಹಡಗುಗಳು ಸಾಗರದ ಎಲ್ಲೆಡೆಯೂ ಸಮನಾಗಿ ಬಲೆ ಬೀಸುವುದಿಲ್ಲ. ಹಿಂಡುಗಳು ದಟ್ಟವಾಗಿರುವ, ಗಾಳಿಯ ಮರೆ ಇರುವ ಕೆಲವೇ ತಾಣಗಳಿಗೆ, ವಿಶೇಷವಾಗಿ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಬಳಿಯ ಬ್ರಾನ್ಸ್‌ಫೀಲ್ಡ್ ಜಲಸಂಧಿಗೂ ದಕ್ಷಿಣ ಆರ್ಕ್ನಿ ದ್ವೀಪಗಳ ಬದಿಗೂ ಅವು ಬರುತ್ತವೆ. ಪೆಂಗ್ವಿನ್‌ಗಳ ದೊಡ್ಡ ದೊಡ್ಡ ವಸತಿಗಳಿರುವುದೂ ಅಲ್ಲಿಯೇ. ಮರಿಯನ್ನು ದಡದಲ್ಲಿ ಬಿಟ್ಟು ಕಡಲಿಗಿಳಿದ ತಾಯಿ ಪೆಂಗ್ವಿನ್ ಬೇಗನೆ ಮರಳಿ ಗುಟುಕು ಕೊಡಬೇಕು. ಅದು ಈಜಿ ಹೋಗಬಲ್ಲ ದೂರ ಬಲು ಅಲ್ಪ. ಸಾವಿರ ಕಿಲೋಮೀಟರ್ ಆಚೆ ಕೋಟಿ ಟನ್ ಕ್ರಿಲ್ಲಿದ್ದರೆ ಅದಕ್ಕೇನು ಪ್ರಯೋಜನ? ಊರಿನ ಕಣಜ ತುಂಬಿದ್ದರೂ ಮನೆಯ ಗಡಿಗೆ ಬರಿದಾದರೆ ಮಗು ಹಸಿದೇ ಮಲಗಬೇಕಾಗುತ್ತದೆ.

ಈ ಅಪಾಯವನ್ನು ಮನಗಂಡು ೨೦೦೯ರಲ್ಲಿ ಆಯೋಗವು ೬ ಲಕ್ಷ ೨೦ ಸಾವಿರ ಟನ್ನನ್ನು ನಾಲ್ಕು ಉಪಪ್ರದೇಶಗಳಿಗೆ ಹಂಚಿತು. ಪರ್ಯಾಯದ್ವೀಪದ ಬಳಿಯಲ್ಲಿ ಅದರ ಕಾಲುಭಾಗಕ್ಕಿಂತ, ಎಂದರೆ ೧ ಲಕ್ಷ ೫೫ ಸಾವಿರ ಟನ್ನಿಗಿಂತ ಹೆಚ್ಚು ಹಿಡಿಯಕೂಡದು ಎಂಬುದು ಅದರ ಮುಖ್ಯಾಂಶ. ಮುಂದೆ ಹಲವು ವರ್ಷಗಳಲ್ಲಿ ಆ ಮಿತಿಯು ಋತು ಮುಗಿಯುವ ಮೊದಲೇ ಮುಟ್ಟಿ, ಆ ಭಾಗದ ಮೀನುಗಾರಿಕೆಯನ್ನು ಮುಚ್ಚಬೇಕಾಯಿತು. ಎಂದರೆ ಕಟ್ಟಳೆಯು ಕೆಲಸ ಮಾಡುತ್ತಿತ್ತು. ಆದರೆ ಇದು ತಾತ್ಕಾಲಿಕ ಹಂಚಿಕೆ; ಆಗಾಗ ನವೀಕರಿಸಬೇಕಾದದ್ದು. ೨೦೨೪ರ ಸಭೆಯಲ್ಲಿ ಹೊಸ ಹಂಚಿಕೆಯೂ ಒಪ್ಪಿತವಾಗಲಿಲ್ಲ, ಹಳೆಯದನ್ನು ಮುಂದುವರಿಸುವುದಕ್ಕೂ ಎಲ್ಲರ ಸಮ್ಮತಿ ದೊರೆಯಲಿಲ್ಲ. ಹಂಚಿಕೆಯು ಬಿದ್ದುಹೋಯಿತು; ಒಟ್ಟು ತಡೆಗೆರೆ ಮಾತ್ರ ಉಳಿಯಿತು. ಮರುವರ್ಷ ನಡೆದದ್ದು ನಿರೀಕ್ಷಿತವೇ. ೨೦೨೩-೨೪ರ ಋತುವಿನಲ್ಲಿ ಸುಮಾರು ೪ ಲಕ್ಷ ೯೮ ಸಾವಿರ ಟನ್ ಇದ್ದ ಹಿಡಿತವು ೨೦೨೪-೨೫ರಲ್ಲಿ ತಡೆಗೆರೆಯನ್ನೇ ಮುಟ್ಟಿತು. ನವೆಂಬರಿನ ಕೊನೆಯವರೆಗೆ ನಡೆಯಬೇಕಾಗಿದ್ದ ಮೀನುಗಾರಿಕೆಯನ್ನು ೨೦೨೫ರ ಆಗಸ್ಟ್ ಆರಂಭದಲ್ಲೇ ಮುಚ್ಚಲಾಯಿತು. ಹೀಗಾದದ್ದು ಈ ತಡೆಗೆರೆಯ ಚರಿತ್ರೆಯಲ್ಲಿ ಮೊದಲ ಬಾರಿ. ಈ ಉದ್ಯಮದಲ್ಲಿ ನಾರ್ವೆಯದು ಸಿಂಹಪಾಲು. ಚೀನಾ, ದಕ್ಷಿಣ ಕೊರಿಯಾ, ಚಿಲಿ, ಉಕ್ರೇನ್ ಹಡಗುಗಳೂ ಇವೆ.

ಆಯೋಗದ ಕೆಲಸವೆಲ್ಲ ವಿಫಲವಾಯಿತೆಂದು ಇದರಿಂದ ಭಾವಿಸಬಾರದು. ಟೂತ್‌ಫಿಶ್ ಎಂಬ ಮೀನಿನ ವೃತ್ತಾಂತವು ಬೇರೊಂದು ಮುಖವನ್ನು ತೋರಿಸುತ್ತದೆ. ಎರಡು ಮೀಟರ್ ಉದ್ದ, ನೂರು ಕಿಲೋಗ್ರಾಂ ತೂಕದವರೆಗೂ ಬೆಳೆಯಬಲ್ಲ, ಐವತ್ತು ವರ್ಷ ಬದುಕಬಲ್ಲ ಈ ಆಳನೀರಿನ ಮೀನನ್ನು ವ್ಯಾಪಾರಿಗಳು ‘ಚಿಲಿಯ ಸೀ ಬಾಸ್’ ಎಂಬ ಸೊಗಸಾದ ಹೆಸರಿನಿಂದ ಮಾರುತ್ತಾರೆ. ಅದು ಬಾಸ್ ಜಾತಿಯದೇ ಅಲ್ಲ. ೧೯೯೦ರ ದಶಕದಲ್ಲಿ ಇದರ ಬೆಲೆ ಏರಿದಾಗ ಕಳ್ಳ ಹಡಗುಗಳು ಹಿಡಿದದ್ದು ಸಕ್ರಮವಾಗಿ ಹಿಡಿದುದಕ್ಕಿಂತಲೂ ಹಲವು ಪಟ್ಟು ಹೆಚ್ಚಿತ್ತು. ೨೦೦೦ದಿಂದ ಆಯೋಗವು ಪ್ರತಿಯೊಂದು ಸರಕಿಗೂ, ಎಲ್ಲಿ ಹಿಡಿದದ್ದು, ಯಾವ ಹಡಗು, ಎಲ್ಲಿ ಇಳಿಸಿದ್ದು ಎಂಬ ದಾಖಲೆ ಪತ್ರವನ್ನು ಕಡ್ಡಾಯ ಮಾಡಿತು. ಪತ್ರವಿಲ್ಲದ ಮೀನಿಗೆ ಸದಸ್ಯ ರಾಷ್ಟ್ರಗಳ ಪೇಟೆಯಲ್ಲಿ ಬಾಗಿಲು ಮುಚ್ಚಿತು. ಹಿಡಿದ ಮೀನುಗಳಲ್ಲಿ ಕೆಲವಕ್ಕೆ ಗುರುತಿನ ಪಟ್ಟಿ ಕಟ್ಟಿ ಜೀವಂತವಾಗಿ ಬಿಡಬೇಕು. ಮುಂದಿನ ವರ್ಷಗಳಲ್ಲಿ ಅವುಗಳಲ್ಲಿ ಎಷ್ಟು ಮತ್ತೆ ಸಿಕ್ಕುತ್ತವೆ ಎಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಬಹುದು. ಗುರುತಿನವು ಹೆಚ್ಚಾಗಿ ಸಿಕ್ಕಿದರೆ ಮೀನು ಕಡಿಮೆ ಇದೆ ಎಂದರ್ಥ.

ಕಳ್ಳರನ್ನು ಬೆನ್ನಟ್ಟಿದ ಕಥೆಗಳೂ ಕುತೂಹಲಕರವಾಗಿವೆ. ೨೦೧೪ರ ಡಿಸೆಂಬರ್ ೧೭ರಂದು ಥಂಡರ್ ಎಂಬ ಕುಪ್ರಸಿದ್ಧ ಹಡಗನ್ನು ಸೀ ಶೆಫರ್ಡ್ ಎಂಬ ಸ್ವಯಂಸೇವಾ ಸಂಘದ ಹಡಗು ಕಂಡುಹಿಡಿದು, ೧೧೦ ದಿನಗಳ ಕಾಲ ಬೆನ್ನು ಬಿಡದೆ ಹಿಂಬಾಲಿಸಿತು. ೨೦೧೫ರ ಏಪ್ರಿಲ್ ೬ರಂದು ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ತೋಮೆಯ ಸಮೀಪದಲ್ಲಿ ಥಂಡರ್ ಮುಳುಗಿತು. ಅದರ ನಾವಿಕರನ್ನು ಬೆನ್ನಟ್ಟಿದವರೇ ನೀರಿನಿಂದ ಎತ್ತಿ ಉಳಿಸಿದರು. ಸಾವೊ ತೋಮೆಯ ನ್ಯಾಯಾಲಯವು ಹಡಗಿನ ಮುಖ್ಯಾಧಿಕಾರಿಗಳನ್ನು ದೋಷಿಗಳೆಂದು ತೀರ್ಪಿತ್ತಿತು.

ಟೂತ್‌ಫಿಶ್ ಹಿಡಿಯುವ ಸಾವಿರಾರು ಗಾಳಗಳ ಉದ್ದನೆಯ ಹಗ್ಗಗಳಿಗೆ ಇನ್ನೊಂದು ಜೀವವೂ ಬಲಿಯಾಗುತ್ತಿತ್ತು. ಅದು ಆಲ್ಬಟ್ರಾಸ್ ಪಕ್ಷಿ. ಮೂರು ಮೀಟರಿಗೂ ಮಿಕ್ಕಿದ ರೆಕ್ಕೆಯ ಹರವುಳ್ಳ, ಭೂಮಂಡಲವನ್ನೇ ಸುತ್ತಬಲ್ಲ ಈ ಹಕ್ಕಿಯು ಗಾಳದ ತುದಿಯ ಮೀನಿನ ತುಣುಕಿಗೆ ಎರಗಿ, ಮುಳುಗಿ ಸಾಯುತ್ತಿತ್ತು. ಪರಿಹಾರಗಳು ಆಶ್ಚರ್ಯಪಡುವಷ್ಟು ಸರಳವಾಗಿದ್ದವು. ಹಗ್ಗವನ್ನು ರಾತ್ರಿಯಲ್ಲಿ ಇಳಿಸುವುದು. ಬೇಗ ಮುಳುಗುವಂತೆ ಭಾರ ಕಟ್ಟುವುದು. ಹಡಗಿನ ಹಿಂದೆ ಬಣ್ಣದ ಪಟ್ಟಿಗಳನ್ನು ಹಾರಿಸಿ ಹಕ್ಕಿಯನ್ನು ಬೆದರಿಸುವುದು. ಅದು ಮರಿಮಾಡುವ ತಿಂಗಳುಗಳಲ್ಲಿ ಮೀನುಗಾರಿಕೆಯನ್ನು ನಿಲ್ಲಿಸುವುದು. ದಕ್ಷಿಣ ಜಾರ್ಜಿಯಾದ ಸುತ್ತ ವರ್ಷಕ್ಕೆ ಸಾವಿರಗಟ್ಟಲೆ ಸಾಯುತ್ತಿದ್ದ ಹಕ್ಕಿಗಳ ಸಂಖ್ಯೆಯು ಕೆಲವೇ ವರ್ಷಗಳಲ್ಲಿ ಸೊನ್ನೆಯ ಸಮೀಪಕ್ಕೆ ಬಂದಿತು.

ಒಂದೇ ಸಂಸ್ಥೆಯು ಒಂದು ಕಡೆ ಇಷ್ಟು ಸಮರ್ಥವಾಗಿಯೂ ಇನ್ನೊಂದು ಕಡೆ ಅಸಹಾಯಕವಾಗಿಯೂ ಕಾಣುವುದಕ್ಕೆ ಕಾರಣ ಅದರ ತೀರ್ಮಾನದ ಪದ್ಧತಿ. ಇಲ್ಲಿ ಬಹುಮತವಿಲ್ಲ, ಸರ್ವಸಮ್ಮತಿಯೇ ಬೇಕು. ಒಂದು ರಾಷ್ಟ್ರ ಒಲ್ಲೆನೆಂದರೂ ನಿರ್ಣಯ ನಿಂತುಹೋಗುತ್ತದೆ. ಕಳ್ಳರ ವಿರುದ್ಧ ಎಲ್ಲರ ಹಿತವೂ ಒಂದೇ ಆಗಿದ್ದಿತು. ಕ್ರಿಲ್ಲಿನ ವಿಷಯದಲ್ಲಿ ಹಾಗಿಲ್ಲ. ೨೦೧೬ರಲ್ಲಿ ರಾಸ್ ಸಮುದ್ರದ ೧೫ ಲಕ್ಷ ೫೦ ಸಾವಿರ ಚದರ ಕಿಲೋಮೀಟರನ್ನು ಸಂರಕ್ಷಿತ ವಲಯವೆಂದು ಸಾರಲು ಎಲ್ಲರೂ ಒಪ್ಪಿದರು. ೨೦೧೭ರ ಡಿಸೆಂಬರ್ ೧ರಿಂದ ಅದು ಜಾರಿಯಲ್ಲಿದೆ, ೩೫ ವರ್ಷಗಳ ಅವಧಿಗೆ. ಆದರೆ ಪೂರ್ವ ಅಂಟಾರ್ಕ್ಟಿಕ, ವೆಡೆಲ್ ಸಮುದ್ರ, ಪರ್ಯಾಯದ್ವೀಪ ಇವುಗಳ ಪ್ರಸ್ತಾಪಗಳು ಮುಖ್ಯವಾಗಿ ಚೀನಾ ಮತ್ತು ರಷ್ಯಾಗಳ ಅಸಮ್ಮತಿಯಿಂದ ಸಭೆಯಿಂದ ಸಭೆಗೆ ಮುಂದೂಡಲ್ಪಟ್ಟಿವೆ. ೨೦೨೧ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನ ಸಂಶೋಧಕರು ವೆಡೆಲ್ ಸಮುದ್ರದ ತಳದಲ್ಲಿ ಹಿಮಮತ್ಸ್ಯಗಳ ಗೂಡುಗಳ ಸಮೂಹವೊಂದನ್ನು ಕಂಡರು. ಸುಮಾರು ೨೪೦ ಚದರ ಕಿಲೋಮೀಟರ್ ವಿಸ್ತಾರದಲ್ಲಿ ಅಂದಾಜು ೬ ಕೋಟಿ ಗೂಡುಗಳು. ಅನೇಕ ಗೂಡುಗಳಲ್ಲಿ ಮೊಟ್ಟೆಗಳಿಗೆ ಕಾವಲಾಗಿ ಒಂದೊಂದು ಮೀನು. ಅಷ್ಟು ದೊಡ್ಡ ಮತ್ಸ್ಯಪ್ರಸೂತಿ ತಾಣವನ್ನು ಅದುವರೆಗೆ ಯಾರೂ ಎಲ್ಲಿಯೂ ಕಂಡಿರಲಿಲ್ಲ. ಅದೇ ವರ್ಷ ಭಾರತವು ಪೂರ್ವ ಅಂಟಾರ್ಕ್ಟಿಕ ಮತ್ತು ವೆಡೆಲ್ ಸಮುದ್ರದ ಪ್ರಸ್ತಾಪಗಳಿಗೆ ಬೆಂಬಲ ಸೂಚಿಸಿತು. ಭಾರತಕ್ಕೆ ಅಲ್ಲಿ ಮೈತ್ರಿ, ಭಾರತಿ ಎಂಬ ಎರಡು ಸಂಶೋಧನಾ ನೆಲೆಗಳಿವೆ; ಭಾರತಿಯು ಇರುವುದು ಪೂರ್ವ ಅಂಟಾರ್ಕ್ಟಿಕದ ತೀರದಲ್ಲಿಯೇ.

ಈ ನಡುವೆ ಕಡಲೂ ಬದಲಾಗುತ್ತಿದೆ. ೨೦೨೩ರಲ್ಲಿ ಅಂಟಾರ್ಕ್ಟಿಕದ ಸುತ್ತಣ ಸಮುದ್ರಹಿಮವು, ಉಪಗ್ರಹಗಳ ಅಳತೆ ಆರಂಭವಾದ ಮೇಲೆ ಎಂದೂ ಇಲ್ಲದಷ್ಟು ಕಡಿಮೆಯಾಯಿತು. ಹಿಮದಡಿಯ ಪಾಚಿಯನ್ನು ನಂಬಿದ ಕ್ರಿಲ್ಲಿನ ಮರಿಗಳಿಗೆ ಇದರ ಅರ್ಥವೇನೆಂದು ಬೇರೆ ಹೇಳಬೇಕಾಗಿಲ್ಲ. ನೈಋತ್ಯ ಅಟ್ಲಾಂಟಿಕದಲ್ಲಿ ಕ್ರಿಲ್ಲಿನ ನೆಲೆಯು ದಕ್ಷಿಣಕ್ಕೆ ಸರಿಯುತ್ತಿರುವುದಕ್ಕೆ ಆಧಾರಗಳಿವೆ. ಪರ್ಯಾಯದ್ವೀಪದ ಪಶ್ಚಿಮ ತೀರದಲ್ಲಿ ಅಡೆಲಿ, ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳು ಅನೇಕ ವಸತಿಗಳಲ್ಲಿ ಕಡಿಮೆಯಾಗಿವೆ. ಇದರಲ್ಲಿ ತಾಪದ ಪಾಲೆಷ್ಟು, ಬಲೆಯ ಪಾಲೆಷ್ಟು ಎಂದು ಬಿಡಿಸಿ ತೋರಿಸುವುದು ಕಷ್ಟ. ಆಯೋಗವು ಪೆಂಗ್ವಿನ್, 

ಸೀಲ್, ಆಲ್ಬಟ್ರಾಸ್‌ಗಳ ತೂಕವನ್ನೂ ಮರಿಗಳ ಸಂಖ್ಯೆಯನ್ನೂ ವರ್ಷ ವರ್ಷವೂ ದಾಖಲಿಸುವ ವ್ಯವಸ್ಥೆಯನ್ನು ೧೯೮೦ರ ದಶಕದಿಂದಲೇ ನಡೆಸಿಕೊಂಡು ಬಂದಿದೆ. ಆದರೆ ಆ ದಾಖಲೆಯು ವರ್ಷದ ಹಿಡಿತದ ಮಿತಿಯನ್ನು ನೇರವಾಗಿ ಏರಿಳಿಸುವ ಕ್ರಮ ಇನ್ನೂ ಏರ್ಪಟ್ಟಿಲ್ಲ.

ಮತ್ತೊಂದು ಕಡೆ ತಿಮಿಂಗಿಲಗಳು ಮರಳುತ್ತಿವೆ. ಗೂನುಬೆನ್ನಿನ ತಿಮಿಂಗಿಲವು ಬಹಳ ಮಟ್ಟಿಗೆ ಚೇತರಿಸಿಕೊಂಡಿದೆ. ೨೦೧೯ರಲ್ಲಿ ಎಲಿಫೆಂಟ್ ದ್ವೀಪದ ಬಳಿ ನೂರೈವತ್ತರಷ್ಟು ಫಿನ್ ತಿಮಿಂಗಿಲಗಳು ಒಟ್ಟಾಗಿ ಕ್ರಿಲ್ಲನ್ನು ಮೇಯುತ್ತಿದ್ದುದನ್ನು ಸಂಶೋಧಕರು ಕಂಡರು. ಬೇಟೆ ನಿಂತ ಮೇಲೆ ಅಂತಹ ದೃಶ್ಯ ಅಪೂರ್ವವಾಗಿತ್ತು. ಅವು ಮೇಯಲು ಬರುವ ನೀರಿಗೇ ಕ್ರಿಲ್ಲಿನ ಹಡಗುಗಳೂ ಬರುತ್ತವೆ; ೨೦೨೧ ಮತ್ತು ೨೦೨೨ರಲ್ಲಿ ಕೆಲವು ಗೂನುಬೆನ್ನಿನ ತಿಮಿಂಗಿಲಗಳು ಬಲೆಗೆ ಸಿಕ್ಕಿ ಸತ್ತವು. ಶೇಕಡ ೭೫ರ ಲೆಕ್ಕವನ್ನು ಹಾಕಿದಾಗ ಪಂಕ್ತಿಯಲ್ಲಿ ತಿಮಿಂಗಿಲಗಳಿಗೆ ಹಾಕಿದ್ದ ಎಲೆಗಳು ಬಹುಪಾಲು ಖಾಲಿಯಾಗಿದ್ದವು. ಈಗ ಅವುಗಳ ಮುಂದೆ ಕೂಡುವವರು ವರ್ಷಕ್ಕೆ ವರ್ಷ ಹೆಚ್ಚುತ್ತಿದ್ದಾರೆ. ಅವರ ಪಾಲನ್ನು ಎಷ್ಟೆಂದು ತೆಗೆದಿರಿಸಬೇಕು, ಯಾವ ಜಲಸಂಧಿಯಲ್ಲಿ, ಯಾವ ತಿಂಗಳಲ್ಲಿ ಎಂಬುದು ಹೋಬಾರ್ಟಿನ ಸಭೆಯ ಮುಂದೆ ಇರುವ ಪ್ರಶ್ನೆ.